ನಮ್ಮನೆಗೆ ಬಂದ ಇಲಿ ವಸ್ತಾದ: 1988ರ ಸ್ಪ್ಲಿಂಟರ್ ಗೊಂಬೆ

ಹೋದ ವರ್ಷ ಮೇ ತಿಂಗಳಲ್ಲಿ ಬ್ರಿಮ್‌ಫೀಲ್ಡ್ ಸಂತೆಗೆ ಹೋಗಿದ್ದೆವು. ಮ್ಯಾಸಚೂಸೆಟ್ಸ್‌ನ ಆ ಸಣ್ಣ ಊರಿನಲ್ಲಿ ಮೇ, ಜುಲೈ, ಸೆಪ್ಟೆಂಬರ್ ಅಂತ ವರ್ಷಕ್ಕೆ ಮೂರು ಸಲ ಹಳೆ ಸಾಮಾನಿನ ದೊಡ್ಡ ಸಂತೆ ನಡೆಯುತ್ತದೆ. ರಸ್ತೆಯ ಎರಡೂ ಬದಿಯ ಹೊಲಗಳಲ್ಲಿ ಡೇರೆ ಹಾಕಿರುತ್ತಾರೆ. ನ್ಯಾಶುವಾದ ನಮ್ಮ ಮನೆಯಿಂದ ಒಂದೂವರೆ ಗಂಟೆ ದಾರಿ. ಹೆಂಡತಿ ಹಿತ್ತಾಳೆ ಪಾತ್ರೆ ಹುಡುಕುತ್ತಾ ಮುಂದೆ ಹೋದಳು. ನಾನು, ನನ್ನ ಹತ್ತು ವರ್ಷದ ಮಗ ಒಂದು ಮೇಜಿನ ಕೆಳಗಿದ್ದ ರಟ್ಟಿನ ಡಬ್ಬಿ ಕೆದಕುತ್ತಾ ಕೂತೆವು. ಕೈ ಇಲ್ಲದ ಸೈನಿಕರು, ಚಕ್ರ ಬಿದ್ದ ಕಾರುಗಳು, ಎಲ್ಲಾ ಬರೀ ಪ್ಲಾಸ್ಟಿಕ್. ಅದರ ಮಧ್ಯೆ ಬೆರಳಿಗೆ ಬಟ್ಟೆ ತಾಗಿತು. ಎಳೆದರೆ ಬಂದದ್ದು ಸ್ಪ್ಲಿಂಟರ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಟೀನೇಜ್ ಮ್ಯೂಟೆಂಟ್ ನಿಂಜಾ ಟರ್ಟಲ್ಸ್ ಅಂತ ನಾಲ್ಕು ಆಮೆಗಳಿವೆ ಅಲ್ವಾ, ಆ ಆಮೆಗಳನ್ನು ಸಾಕಿ, ಯುದ್ಧವಿದ್ಯೆ ಕಲಿಸಿ, ದಾರಿಗೆ ತಂದ ಗುರು ಈ ಇಲಿ. ನ್ಯೂಯಾರ್ಕ್‌ನ ಚರಂಡಿಯಲ್ಲಿ ವಾಸ. ಆಮೆಗಳಿಗೆ ತಂದೆಯೂ ಅವನೇ. ಪ್ಲೇಮೇಟ್ಸ್ ಕಂಪನಿ 1988ರಲ್ಲಿ ಈ ಸಾಲಿನ ಮೊದಲ ಹತ್ತು ಗೊಂಬೆ ಬಿಟ್ಟಾಗ ಅದರಲ್ಲಿ ಇವನೂ ಒಬ್ಬ. ನಾಲ್ಕು ಆಮೆ, ಸ್ಪ್ಲಿಂಟರ್, ವರದಿಗಾರ್ತಿ ಏಪ್ರಿಲ್ ಒಂದು ಕಡೆ. ಖಳನಾಯಕ ಶ್ರೆಡರ್, ಅವನ ಕಾಲಾಳು, ಹಂದಿ ಮುಖದ ಬೀಬಾಪ್, ಘೇಂಡಾಮೃಗದ ರಾಕ್‌ಸ್ಟೆಡಿ ಇನ್ನೊಂದು ಕಡೆ.

ನಾನು ಕೊಟ್ಟದ್ದು 22 ಡಾಲರ್. ಮಾರುವವರು 25 ಹೇಳಿದ್ದರು. ಮೂರು ಡಾಲರ್ ಬಿಟ್ಟರು.

ನನ್ನ ಹತ್ತಿರ ಈ ಸಾಲಿನ ಗೊಂಬೆ ಹದಿನೇಳು ಇವೆ. ಎಲ್ಲವನ್ನೂ ಇಲ್ಲಿಗೆ ಬಂದ ಮೇಲೆಯೇ ಕೂಡಿಸಿದ್ದು. ದಾವಣಗೆರೆಯಲ್ಲಿ ಬೆಳೆಯುವಾಗ ಇಂಥವನ್ನು ಕಣ್ಣಿಂದ ಕೂಡ ನೋಡಿರಲಿಲ್ಲ. ಅದಕ್ಕೇ ಬಾಲ್ಯದ ನೆನಪಿನ ಗುಂಗಿನಲ್ಲಿ ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ಹದಿನೇಳನ್ನೂ ಸಾಲಾಗಿ ನಿಲ್ಲಿಸಿ ನೋಡಿಯೇ ಹೇಳುತ್ತಿದ್ದೇನೆ. ಈ ಗೊಂಬೆ ಮಾಡಿದವರು ಗುರು ಅಂದರೆ ಏನು ಅಂತ ತಿಳಿದು ಮಾಡಿದ್ದಾರೆ.

ಮೊದಲು ಬಟ್ಟೆ ವಿಷಯ. ಆಮೆಗಳ ಮೈ ಪೂರ್ತಿ ಪ್ಲಾಸ್ಟಿಕ್. ಕಣ್ಣುಪಟ್ಟಿ, ಚಿಪ್ಪು, ಮೊಣಕೈ ಕವಚ, ಎಲ್ಲಾ ಅಚ್ಚಿನಲ್ಲೇ ಬಂದದ್ದು. ಹುಡುಗರು ಒದೆಯಲಿ, ಎಸೆಯಲಿ, ನೀರಿಗೆ ಹಾಕಲಿ ಅಂತಲೇ ಮಾಡಿದ ಮೈಗಳು. ಸ್ಪ್ಲಿಂಟರ್‌ಗೆ ಹಾಗಲ್ಲ, ನಿಜವಾದ ಬಟ್ಟೆಯ ನಿಲುವಂಗಿ. ಕೆಂಪು ಕಂದು ಬಣ್ಣ. ಕೈಯಲ್ಲಿ ಹಿಡಿದ ಕೂಡಲೇ ವ್ಯತ್ಯಾಸ ಗೊತ್ತಾಗುತ್ತದೆ. ಆಮೆಯನ್ನು ಮುಷ್ಟಿಯಲ್ಲಿ ಹಿಡಿಯುತ್ತೇವೆ. ಇವನನ್ನು ಬೆರಳಿನಲ್ಲಿ ಹಿಡಿಯುತ್ತೇವೆ. ಬಟ್ಟೆ ಮುದುರೀತು ಅಂತ ಕೈ ತಾನೇ ಮೆತ್ತಗಾಗುತ್ತದೆ. ನನ್ನ ಮಗ ಆಮೆಗಳನ್ನು ಸೋಫಾ ಮೇಲಿಂದ ಹಾರಿಸುತ್ತಾನೆ, ಇವನನ್ನು ಮಾತ್ರ ತಂದು ಕೂರಿಸುತ್ತಾನೆ. ಹಾಗೆ ಮಾಡು ಅಂತ ಯಾರೂ ಹೇಳಿಕೊಟ್ಟಿಲ್ಲ.

ನಿಲುವಂಗಿ ತೆಗೆದು ನೋಡಿದರೆ ಒಳಗೂ ಕೆಲಸ ಇದೆ. ಮುಚ್ಚಿಹೋಗುವ ಮೈ ತಾನೇ ಅಂತ ಬಿಟ್ಟಿಲ್ಲ. ಕೂದಲಿನ ಗೆರೆಗಳನ್ನು ಒಳಗಿನ ಮೈಗೂ ಕೆತ್ತಿದ್ದಾರೆ. ಈ ಸಾಲಿನ ಅಚ್ಚುಗಳನ್ನು ಕೆತ್ತಿದ್ದು ವಾರ್ನರ್ ಸ್ಟುಡಿಯೋಸ್ ಅನ್ನುವ ಸಂಸ್ಥೆ. ಮೈಮೇಲೆ ಸಣ್ಣಕ್ಷರದಲ್ಲಿ 1988, ಮಿರಾಜ್ ಸ್ಟುಡಿಯೋಸ್, ಪ್ಲೇಮೇಟ್ಸ್ ಅಂತ ಇದೆ. ಓದಲು ನನಗೆ ಭೂತಗನ್ನಡಿ ಬೇಕಾಯಿತು. ಕೊಳ್ಳುವವರು ಆ ಅಕ್ಷರಗಳನ್ನು ಹುಡುಕಿಯೇ ಕೊಳ್ಳಿ. ಈಚೆಗೆ ಹಳೆಯದರ ಹಾಗೇ ಕಾಣುವ ಗೊಂಬೆಗಳನ್ನು ಕಂಪನಿಯೇ ಮತ್ತೆ ಬಿಟ್ಟಿದೆ. ಅವೂ ಚೆನ್ನಾಗಿವೆ, ಮಕ್ಕಳಿಗೆ ಕೊಡಲು ಅವೇ ಸರಿ. ಆದರೆ ಹೊಸದನ್ನು ಹಳೆಯದರ ಬೆಲೆಗೆ ಕೊಳ್ಳಬಾರದು.

ಎರಡನೆಯದು ಊರುಗೋಲು. ನನಗೆ ಇಡೀ ಗೊಂಬೆಯಲ್ಲಿ ಜಾಸ್ತಿ ಇಷ್ಟವಾದದ್ದು ಇದು. ನೋಡಲು ಮುದುಕನ ಕೋಲು. ಮೇಲಿನ ತುದಿ ಹಿಡಿದು ಎಳೆದರೆ ಒಳಗೆ ಕತ್ತಿ. ಕೋಲೇ ಒರೆ. ಬಿಲ್ಲು ಬಾಣ ಕೂಡ ಇವನ ಜೊತೆ ಬರುತ್ತಿತ್ತು. ಆದರೆ ಬಿಲ್ಲು ಹಿಡಿಸಿದರೆ ಇವನು ಇನ್ನೊಬ್ಬ ಯೋಧ ಅಷ್ಟೇ. ಕೋಲು ಹಿಡಿಸಿ, ಕತ್ತಿ ಒಳಗಿಟ್ಟು ನಿಲ್ಲಿಸಿದರೆ ಆಗ ಸ್ಪ್ಲಿಂಟರ್.

ಇಲ್ಲಿ ನನ್ನ ತಾತನ ಬಗ್ಗೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಅಮ್ಮನ ಅಪ್ಪ. ದಾವಣಗೆರೆಯ ಹಳೆ ಪೇಟೆಯ ಒಂದು ಗರಡಿಯಲ್ಲಿ ವಸ್ತಾದ. ನಾನು ನೋಡುವ ಹೊತ್ತಿಗೆ ಅವರಿಗೆ ಎಪ್ಪತ್ತು ದಾಟಿತ್ತು, ಕುಸ್ತಿ ಬಿಟ್ಟು ಬಹಳ ವರ್ಷವಾಗಿತ್ತು. ಬೆಳಿಗ್ಗೆ ಐದಕ್ಕೆ ಗರಡಿಗೆ ಹೋಗಿ ಹನುಮಪ್ಪನ ಫೋಟೋಗೆ ಊದುಬತ್ತಿ ಹಚ್ಚಿ, ಕೆಮ್ಮಣ್ಣಿನ ಅಖಾಡದ ಅಂಚಿಗೆ ಕೋಲೂರಿ ನಿಲ್ಲುತ್ತಿದ್ದರು. ಹುಡುಗರು ಪಟ್ಟು ಹಾಕುವಾಗ ಮಾತಾಡುತ್ತಿರಲಿಲ್ಲ. ಯಾರಾದರೂ ಕಾಲು ತಪ್ಪಿಟ್ಟರೆ ಕೋಲಿನ ತುದಿಯಿಂದ ಹಿಮ್ಮಡಿಗೆ ಒಂದು ಸಲ ತಟ್ಟುತ್ತಿದ್ದರು. ಹೊಡೆತ ಅಲ್ಲ, ತಟ್ಟುವುದು. ಹುಡುಗ ತಿರುಗಿ ನೋಡದೆ ಕಾಲು ಸರಿ ಮಾಡಿಕೊಳ್ಳುತ್ತಿದ್ದ. ಒಂದೇ ಒಂದು ಸಲ, ಒಬ್ಬ ಉಬ್ಬಿದ ಪೈಲ್ವಾನ ಏನೋ ಅಂದಾಗ, ತಾತ ಕೋಲು ನನ್ನ ಕೈಗೆ ಕೊಟ್ಟು ಅಖಾಡಕ್ಕೆ ಇಳಿದರು. ಆ ಹುಡುಗ ಕಣ್ಣು ಮಿಟುಕಿಸುವಷ್ಟರಲ್ಲಿ ಮಣ್ಣಲ್ಲಿದ್ದ. ತಾತ ಮೇಲೆ ಬಂದು ಕೋಲು ವಾಪಸ್ ತೆಗೆದುಕೊಂಡರು. ಉಸಿರು ಕೂಡ ಏರಿರಲಿಲ್ಲ. ಹದಿನೈದು ಡಾಲರಿನ ಆಸುಪಾಸಿನ ಪ್ಲಾಸ್ಟಿಕ್ ಕೋಲಿನಿಂದ ಒಂದು ಪುಟ್ಟ ಕತ್ತಿ ಎಳೆದಾಗ ನನಗೆ ಆ ಬೆಳಗಿನ ಜಾವ ನೆನಪಾಯಿತು.

ಹದಿನೈದು ಡಾಲರ್ ಅಂದದ್ದು ಸುಮ್ನೆ ಅಲ್ಲ. ಬ್ರಿಮ್‌ಫೀಲ್ಡ್‌ಗಿಂತ ಮೊದಲು ನಾನು ಆನ್‌ಲೈನಿನಲ್ಲಿ ಒಬ್ಬರಿಂದ ಬರೀ ಕೋಲು, ಕತ್ತಿ ತರಿಸಿದ್ದೆ. 1988ರ ಅಸಲಿ ಅಂತ ಬರೆದಿದ್ದರು. ಹದಿನೈದು ಡಾಲರ್ ಮತ್ತು ಅಂಚೆ ಖರ್ಚು. ಆಗ ನನ್ನ ಹತ್ತಿರ ಹೋಲಿಸಲು ಅಸಲಿ ಇರಲಿಲ್ಲ, ನಂಬಿದೆ. ಸಂತೆಯಲ್ಲಿ ಸಿಕ್ಕ ಗೊಂಬೆಯ ಕೋಲಿನ ಪಕ್ಕ ಇಟ್ಟಾಗ ಗೊತ್ತಾಯಿತು. ಹೊಸದು ಜಾಸ್ತಿ ಹೊಳೆಯುತ್ತದೆ. ಅಂಚುಗಳು ಮೊಂಡು. ಕತ್ತಿ ಒರೆಯೊಳಗೆ ಸಲೀಸಾಗಿ ಕೂರುವುದಿಲ್ಲ, ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಅದು ನಕಲು. ನಕಲು ಮಾಡುವುದು ತಪ್ಪು ಅಂತ ನಾನು ಹೇಳುವುದಿಲ್ಲ, ಕಳೆದುಹೋದ ತುಂಡಿಗೆ ಅದೂ ಬೇಕು. ನಕಲು ಅಂತ ಹೇಳಿ ಮಾರಬೇಕು. ಬರೆದು ಕೇಳಿದೆ, ಉತ್ತರ ಬರಲಿಲ್ಲ. ಬೇಜಾರಾಯಿತು. ಗುರುವಿನ ಕೋಲಿನ ವಿಷಯದಲ್ಲೂ ಹೀಗೆ ಮಾಡುತ್ತಾರಲ್ಲ ಅಂತ.

ಈ ಸಾಲಿನ ಗೊಂಬೆಗಳಲ್ಲಿ ಆಯುಧಗಳೇ ಮೊದಲು ಕಳೆದುಹೋಗುವುದು. ಅದಕ್ಕೆ ಕಾರಣವೂ ಇದೆ. ಆಮೆಗಳ ಆಯುಧಗಳು ಒಂದು ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡು ಬರುತ್ತಿದ್ದವು, ಮಕ್ಕಳು ಮುರಿದು ಬಿಡಿಸಿಕೊಳ್ಳಬೇಕಿತ್ತು. ಹಾಗೆ ಬಿಡಿಸಿದ ತುಂಡುಗಳಲ್ಲಿ ಕೆಲವು ಬೆರಳುಗುರಿನಷ್ಟು. ಮೂವತ್ತೈದು ವರ್ಷದಲ್ಲಿ ಎಷ್ಟು ಮನೆ ಬದಲಾಗಿರುತ್ತವೆ, ಎಷ್ಟು ಸಲ ಕಾರ್ಪೆಟ್ ಗುಡಿಸಿರುತ್ತಾರೆ ಯೋಚಿಸಿ. ನನಗೆ ಸಿಕ್ಕ ಸ್ಪ್ಲಿಂಟರ್ ಜೊತೆ ಕೋಲು, ಕತ್ತಿ, ಬಿಲ್ಲು ಇದ್ದವು. ಬಾಣ ಇರಲಿಲ್ಲ. ಸೊಂಟದ ಪಟ್ಟಿಯೂ ಇರಲಿಲ್ಲ. ಯಾರೋ ಹಸಿರು ಉಲ್ಲನ್ ದಾರ ಕಟ್ಟಿದ್ದರು.

ನಿಲುವಂಗಿಯ ಕೆಳಗಿನ ಅಂಚು ನೂಲು ನೂಲಾಗಿ ಬಿಟ್ಟುಕೊಂಡಿತ್ತು. ಎಡಗಡೆ ಒಂದು ಬೆರಳಗಲ ಪೂರ್ತಿ ಹೋಗಿತ್ತು. ಹಳೆ ಗೊಂಬೆ ಕೂಡಿಸುವವರ ಮಾತು ಒಂದೇ: ಮುಟ್ಟಬೇಡಿ, ಇದ್ದ ಹಾಗೇ ಇಡಿ, ಮುಟ್ಟಿದರೆ ಬೆಲೆ ಇಳಿಯುತ್ತದೆ. ನಾನು ಹಾಗೇ ಇಟ್ಟೆ. ಮೈಯನ್ನು ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ಪಾತ್ರೆ ಸೋಪಿನ ಎರಡು ಹನಿ ಹಾಕಿ, ಮೆತ್ತನೆ ಹಲ್ಲುಜ್ಜುವ ಬ್ರಷ್‌ನಲ್ಲಿ ತೊಳೆದೆ. ಬಿಸಿನೀರು ಬೇಡ, ಬಣ್ಣ ಎದ್ದೀತು. ಬಟ್ಟೆಗೆ ತಣ್ಣೀರು. ಮೊದಲು ಒಳಗಡೆಯ ಮಡಿಕೆಗೆ ಒದ್ದೆ ಹತ್ತಿ ಒತ್ತಿ ಬಣ್ಣ ಬಿಡುತ್ತದಾ ನೋಡಿ. ನನ್ನದು ಸ್ವಲ್ಪ ಬಿಟ್ಟಿತು, ಅದಕ್ಕೆ ನೆನೆಸದೆ ಒರೆಸಿದೆ ಅಷ್ಟೇ.

ಜೂನ್‌ನಲ್ಲಿ ಅಮ್ಮ ಬಂದರು, ಆರು ತಿಂಗಳ ಮಟ್ಟಿಗೆ. ಅಮ್ಮ ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿದು, ಸೀರೆಗೆ ಕುಚ್ಚು ಕಟ್ಟಿ ನಮ್ಮನ್ನು ಓದಿಸಿದವರು. ಬಂದ ಮೂರನೇ ದಿನ ಕಪಾಟಿನ ಮುಂದೆ ನಿಂತರು. "ಏನೋ ಇದು, ಇಲಿಗೆ ಅಂಗಿ ಹಾಕ್ಯಾರಲ್ಲೋ" ಅಂದರು. ಕೈಗೆ ತೆಗೆದುಕೊಂಡರು. ನೂಲು ಬಿಟ್ಟ ಅಂಚನ್ನು ಹೆಬ್ಬೆರಳಿನಲ್ಲಿ ಸವರಿದರು. ಇವನು ಯಾರು ಅಂತ ಮೊಮ್ಮಗ ವಿವರಿಸಿದ. ಗುರು, ನಾಲ್ಕು ಮಕ್ಕಳನ್ನು ಸಾಕಿದವನು ಅಂತ. ಅಮ್ಮ ಅಂದದ್ದು ಇಷ್ಟೇ: "ಹಿರೇರ ಮೈಮ್ಯಾಲೆ ಹರಿದ ಬಟ್ಟಿ ಇರಬಾರದು."

ಬೆಲೆ ಇಳಿಯುತ್ತದೆ ಅಂತ ನಾನು ಹೇಳಲಿಲ್ಲ. ಹೇಳಬೇಕು ಅಂತಲೂ ಅನಿಸಲಿಲ್ಲ.

ಊಟ ಆದ ಮೇಲೆ ಕಿಟಕಿ ಹತ್ತಿರ ಕೂತು ಶುರು ಮಾಡಿದರು. ತಮ್ಮ ಹಳೆ ಇಳಕಲ್ ಸೀರೆಯ ದಡಿಯಿಂದ ಒಂದು ಎಳೆ ಬಿಡಿಸಿಕೊಂಡರು, ಬಣ್ಣ ಕೂಡಬೇಕಲ್ಲ. ಆ ಎಳೆಯನ್ನೂ ಬೆರಳಲ್ಲಿ ತಿರುವಿ ಸೀಳಿ, ಅರ್ಧ ಎಳೆ ಮಾಡಿ, ತುದಿಗೆ ಮೇಣ ಸವರಿ ಅತಿ ಸಣ್ಣ ಸೂಜಿಗೆ ಪೋಣಿಸಿದರು. ಬಿಟ್ಟುಕೊಂಡ ನೂಲುಗಳನ್ನು ಕತ್ತರಿಸಲಿಲ್ಲ. ಒಂದೊಂದನ್ನೂ ಸೂಜಿ ತುದಿಯಿಂದ ಒಳಗೆ ಮಡಚಿ ಅದರ ಮೇಲೆ ಹೊಲಿಗೆ ಹಾಕಿದರು. ಅಂಗಿಯ ಅಂಚು ನನ್ನ ತೋರುಬೆರಳಿನಷ್ಟು ಉದ್ದವೂ ಇಲ್ಲ. ಅದಕ್ಕೆ ಐವತ್ತಕ್ಕಿಂತ ಹೆಚ್ಚು ಹೊಲಿಗೆ. ನಾನು ಎಣಿಸುತ್ತಾ ಕೂತಿದ್ದೆ, ಐವತ್ತಾದ ಮೇಲೆ ಬಿಟ್ಟೆ. ಹೊರಗಡೆಯಿಂದ ನೋಡಿದರೆ ಹೊಲಿಗೆ ಕಾಣುವುದಿಲ್ಲ, ಅಂಚು ಸ್ವಲ್ಪ ದಪ್ಪ ಅನಿಸುತ್ತದೆ ಅಷ್ಟೇ. ಹಸಿರು ದಾರ ಬಿಚ್ಚಿ, ಗುಳೇದಗುಡ್ಡದ ಖಣದ ಚೂರಿನಿಂದ ಒಂದು ಪಟ್ಟಿ ಮಾಡಿದರು. ಮೂರು ಮಡಿಕೆ ಹಾಕಿ ಜೋಳದ ಕಾಳಿನಷ್ಟು ಅಗಲ. ಎಡಗಡೆ ಗಂಟು.

ಆಮೇಲೆ ಗೊಂಬೆಯನ್ನು ಮೇಜಿನ ಮೇಲೆ ನಿಲ್ಲಿಸಿದರು. ಬಲಗೈ ಮುಂದಕ್ಕೆ ತಿರುಗಿಸಿ, ಕೋಲನ್ನು ಕಾಲಿಗಿಂತ ಸ್ವಲ್ಪ ಮುಂದೆ ಊರಿದರು. ತಲೆ ಒಂಚೂರು ಎಡಕ್ಕೆ. ದೂರ ಸರಿದು ನೋಡಿದರು. "ಅಪ್ಪ ಹಿಂಗಽ ನಿಲ್ತಿದ್ದರು" ಅಂದರು. ತಾತನ ಬಗ್ಗೆ ನಾನು ಅಮ್ಮನಿಗೆ ಒಂದು ಮಾತೂ ಹೇಳಿರಲಿಲ್ಲ.

ಗೊಂಬೆಯ ಕೊರತೆಗಳನ್ನೂ ಹೇಳಬೇಕು. ಮೊಣಕಾಲು, ಮೊಣಕೈ ಮಡಚುವುದಿಲ್ಲ. ಕತ್ತು, ಭುಜ, ತೊಡೆ ಸಂದು ತಿರುಗುತ್ತವೆ. ಹೀಗಾಗಿ ಕೂರಿಸಿದರೆ ಕಾಲು ಮುಂದಕ್ಕೆ ಚಾಚಿಯೇ ಕೂರಬೇಕು. ಧ್ಯಾನಕ್ಕೆ ಕೂತ ಹಾಗೆ ಕೂರಿಸಲು ನನ್ನ ಮಗ ಬಹಳ ಒದ್ದಾಡಿದ, ಆಗಲಿಲ್ಲ. ಗುರುವಿನ ಗೊಂಬೆಗೆ ಪದ್ಮಾಸನ ಬರಬೇಕಿತ್ತು ಅಲ್ವಾ? ಹಳೆಯದಾದ ಮೇಲೆ ತೊಡೆ ಸಂದು ಸಡಿಲವಾಗುತ್ತದೆ, ನನ್ನದು ಹಿಂದಕ್ಕೆ ವಾಲುತ್ತದೆ. ಕೋಲು ಊರಿದರೆ ನಿಲ್ಲುತ್ತದೆ. ಕೋಲಿಲ್ಲದೆ ಮಾರುವ ಗೊಂಬೆ ಕೊಳ್ಳುವವರು ಇದನ್ನು ಗಮನಿಸಿ. ನಿಲುವಂಗಿ ಇಲ್ಲದ್ದನ್ನಂತೂ ಬಿಟ್ಟುಬಿಡಿ. ಬಟ್ಟೆ ಇಲ್ಲದ ಸ್ಪ್ಲಿಂಟರ್ ನಾಲ್ಕೈದು ಡಾಲರಿಗೆ ಸಿಗುವುದನ್ನು ನೋಡಿದ್ದೇನೆ, ನೋಡಲು ಸಂಕಟವಾಗುತ್ತದೆ.

ಆಗಸ್ಟ್‌ನಲ್ಲಿ ಒಂದು ಭಾನುವಾರ ಎಲ್ಲರೂ ಡೋವರ್‌ಗೆ ಹೋದೆವು. ನಮ್ಮ ನ್ಯೂ ಹ್ಯಾಂಪ್‌ಶೈರ್‌ನಲ್ಲೇ ಇದೆ, ಮನೆಯಿಂದ ಒಂದೂಕಾಲು ಗಂಟೆ. ಆಮೆಗಳೂ ಈ ಇಲಿಯೂ ಹುಟ್ಟಿದ್ದು ಆ ಊರಿನ ಒಂದು ಬಾಡಿಗೆ ಮನೆಯಲ್ಲಿ. ಕೆವಿನ್ ಈಸ್ಟ್‌ಮನ್, ಪೀಟರ್ ಲೇರ್ಡ್ ಇಬ್ಬರೂ ಆಗ ಕಾಸಿಲ್ಲದ ಚಿತ್ರಕಾರರು. 1983ರ ನವೆಂಬರ್‌ನಲ್ಲಿ ಒಂದು ರಾತ್ರಿ ಈಸ್ಟ್‌ಮನ್ ಕೈಗೆ ಆಯುಧ ಕಟ್ಟಿಕೊಂಡ ಆಮೆಯೊಂದನ್ನು ತಮಾಷೆಗೆ ಬರೆದರು, ಅಲ್ಲಿಂದ ಶುರು. ತಮ್ಮ ಸಂಸ್ಥೆಗೆ ಮಿರಾಜ್ ಅಂತ ಹೆಸರಿಟ್ಟರು, ಮರೀಚಿಕೆ ಅಂತ. ಯಾಕೆಂದರೆ ಸ್ಟುಡಿಯೋ ಅಂತ ಒಂದು ಇರಲೇ ಇಲ್ಲ, ಮನೆಯ ಹಾಲ್‌ನಲ್ಲೇ ಕೆಲಸ. ತೆರಿಗೆ ವಾಪಸ್ ಬಂದ ದುಡ್ಡು, ಈಸ್ಟ್‌ಮನ್ ಅವರ ಅಂಕಲ್ ಹತ್ತಿರ ತಂದ ಸಾಲ ಸೇರಿಸಿ ಮೂರು ಸಾವಿರ ಚಿಲ್ಲರೆ ಪ್ರತಿ ಅಚ್ಚು ಹಾಕಿಸಿ, 1984ರ ಮೇ ತಿಂಗಳಲ್ಲಿ ಪಕ್ಕದ ಪೋರ್ಟ್ಸ್‌ಮತ್‌ನಲ್ಲಿ ಬಿಡುಗಡೆ ಮಾಡಿದರು. ಕಪ್ಪು ಬಿಳುಪು ಪುಸ್ತಕ. ಆ ಮನೆ ಇದ್ದ ಯೂನಿಯನ್ ಸ್ಟ್ರೀಟ್‌ನಲ್ಲಿ ಮ್ಯಾನ್‌ಹೋಲ್ ಮುಚ್ಚಳದ ಹಾಗಿರುವ ಒಂದು ಗುರುತು ಹಾಕಿದ್ದಾರೆ. ಚರಂಡಿಯಲ್ಲಿ ಬೆಳೆದವರಿಗೆ ಅದಕ್ಕಿಂತ ಒಳ್ಳೆ ಗುರುತು ಯಾವುದಿದೆ? ಮಗ ಸ್ಪ್ಲಿಂಟರ್‌ನನ್ನು ಅದರ ಮೇಲೆ ನಿಲ್ಲಿಸಿ ಫೋಟೋ ತೆಗೆದ. ಗಾಳಿಗೆ ಅಂಗಿ ಹಾರಿತು.

ವಾಪಸ್ ಬರುವಾಗ ಕಾರಿನಲ್ಲಿ ಒಂದು ವಾದ ಎದ್ದಿತು. ಸ್ಪ್ಲಿಂಟರ್ ಹುಟ್ಟಿನ ಬಗ್ಗೆ ಎರಡು ಕಥೆ ಇವೆ. 1987ರ ಡಿಸೆಂಬರ್‌ನಲ್ಲಿ ಟಿವಿಗೆ ಬಂದ ಕಾರ್ಟೂನ್ ಪ್ರಕಾರ ಇವನು ಮೊದಲು ಮನುಷ್ಯ, ಹಮಾಟೊ ಯೋಶಿ ಅನ್ನುವ ಗುರು. ಮ್ಯೂಟಾಜೆನ್ ಅನ್ನುವ ರಸಾಯನ ತಾಗಿ ಇಲಿಯಾದ. ಕಾಮಿಕ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಇವನು ಹುಟ್ಟಿನಿಂದ ಇಲಿ. ಯೋಶಿ ಸಾಕಿಕೊಂಡ ಇಲಿ. ಯಜಮಾನ ಅಭ್ಯಾಸ ಮಾಡುವಾಗ ಪಂಜರದೊಳಗೆ ಕೂತು ನೋಡಿ ನೋಡಿ, ಅವನ ಹಾಗೇ ಕೈಕಾಲು ಆಡಿಸಿ ಕಲಿತದ್ದು. ಯಜಮಾನನನ್ನು ಶ್ರೆಡರ್ ಕೊಂದ ಮೇಲೆ ಬೀದಿಗೆ ಬಿದ್ದು ಚರಂಡಿ ಸೇರಿದ್ದು. ನನ್ನ ಮಗನಿಗೆ ಟಿವಿ ಕಥೆಯೇ ಸರಿ. ಮನುಷ್ಯನಾಗಿದ್ದರಿಂದಲೇ ಅಷ್ಟು ಬುದ್ಧಿ ಅನ್ನುತ್ತಾನೆ. ನಾನು ಕಾಮಿಕ್ಸ್ ಕಡೆ. ಯಾರೂ ಕಲಿಸದೆ, ಪಂಜರದಿಂದ ನೋಡಿ ಕಲಿತು, ಕಲಿತದ್ದನ್ನು ಚರಂಡಿಯಲ್ಲಿ ಸಿಕ್ಕ ನಾಲ್ಕು ಅನಾಥ ಮರಿಗಳಿಗೆ ಕೊಟ್ಟನಲ್ಲ, ಅದು ನನಗೆ ದೊಡ್ಡದು. ಹಿಂದಿನ ಸೀಟಿನಲ್ಲಿದ್ದ ಅಮ್ಮ ಎರಡೂ ಕಥೆ ಕೇಳಿದರು. ಗರಡಿ ಗೋಡೆ ಹತ್ತಿ ಕೂತು ನೋಡುತ್ತಿದ್ದ ಒಬ್ಬ ಹುಡುಗನನ್ನು ತಾತ ಒಳಗೆ ಕರೆದು ಮಣ್ಣು ಹಚ್ಚಿದ ಕಥೆ ಹೇಳಿದರು. ಆ ಹುಡುಗ ಆಮೇಲೆ ಗರಡಿಯ ಬೀಗದ ಕೈ ಇಟ್ಟುಕೊಳ್ಳುವವನಾದನಂತೆ. ನನಗೆ ಆ ಕಥೆ ಗೊತ್ತೇ ಇರಲಿಲ್ಲ.

ಒಂದು ಮಾತು, ಹೆಸರಿನ ಬಗ್ಗೆ. ಸ್ಪ್ಲಿಂಟರ್ ಅಂದರೆ ಕಟ್ಟಿಗೆಯ ಸಿಬಿರು. ಆಗಿನ ಡೇರ್‌ಡೆವಿಲ್ ಕಾಮಿಕ್ಸ್‌ನಲ್ಲಿ ಸ್ಟಿಕ್, ಅಂದರೆ ಕೋಲು, ಅನ್ನುವ ಕುರುಡು ಗುರು ಇದ್ದ. ಅವನ ಹೆಸರಿನ ಮೇಲೆ ಆಟವಾಡಿ ಈ ಹೆಸರು ಇಟ್ಟರು. ಸಿಬಿರು ಸಣ್ಣದು, ಆದರೆ ಬೆರಳಿಗೆ ಹೊಕ್ಕರೆ ಗೊತ್ತಾಗುತ್ತದೆ. ಇಲಿಗೆ ಎಷ್ಟು ಸರಿಯಾದ ಹೆಸರು ನೋಡಿ.

ಕೊಳ್ಳುವುದಾದರೆ: ಆಮೆಗಳನ್ನು ಆಮೇಲೆ ಹುಡುಕಿ, ಇವನನ್ನು ಮೊದಲು ತನ್ನಿ. ಆಮೆಗಳು ಎಲ್ಲಾ ಸಂತೆಯಲ್ಲೂ ಸಿಗುತ್ತವೆ. ಅಂಗಿ, ಕೋಲು, ಕತ್ತಿ ಮೂರೂ ಇರುವ ಸ್ಪ್ಲಿಂಟರ್ ಕಣ್ಣಿಗೆ ಬಿದ್ದರೆ ಇಪ್ಪತ್ತು ಇಪ್ಪತ್ತೈದು ಡಾಲರ್ ನನ್ನ ಲೆಕ್ಕದಲ್ಲಿ ಜಾಸ್ತಿ ಅಲ್ಲ. ಅಂಗಿ ಹರಿದಿದ್ದರೆ ಹೊಲಿಯಲು ಬರುವವರ ಕೈಗೆ ಕೊಡಿ. ಬಿಸಿಲಿನಲ್ಲಿ ಇಡಬೇಡಿ, ಬಟ್ಟೆಯ ಬಣ್ಣ ಹೋಗುತ್ತದೆ. ಬೇರೆ ಗೊಂಬೆಗಳಿಗೆ ಅಂಟಿಸಿಯೂ ಇಡಬೇಡಿ, ಹಳೆ ಮೆತ್ತನೆ ಪ್ಲಾಸ್ಟಿಕ್ ಒಂದಕ್ಕೊಂದು ಹಿಡಿದುಕೊಳ್ಳುತ್ತದೆ.

ಅಮ್ಮ ಡಿಸೆಂಬರ್‌ನಲ್ಲಿ ಊರಿಗೆ ಹೋದರು. ಹೋಗುವ ಮುಂಚೆ ಖಣದ ಪಟ್ಟಿಗೆ ಇನ್ನೊಂದು ಮಾಡಿ ಸೂಜಿಡಬ್ಬಿಯಲ್ಲಿ ಇಟ್ಟಿದ್ದಾರೆ, ಇದು ಕಳೆದುಹೋದರೆ ಇರಲಿ ಅಂತ. ಈಗ ಕಮ್ಮಿ ಇರುವುದು ಬಾಣ ಒಂದೇ. ಅಸಲಿಯೇ ಬೇಕು. ನಿಮ್ಮಲ್ಲಿ ಯಾರ ಹತ್ತಿರವಾದರೂ ಹೆಚ್ಚಿನದು ಇದ್ದರೆ ಹೇಳಿ, ಸರಿಯಾದ ಬೆಲೆ ಕೊಟ್ಟು ತೆಗೆದುಕೊಳ್ಳುತ್ತೇನೆ.